ಫಾರ್ಮ್ 80 ಮತ್ತು ಉತ್ಥಾನ ಏಕಾದಶಿ

ಹೆಣ್ಣು ನೋಡಲು ಬಂದ ಹಿರಿಯರು ಕೇಳುತ್ತಿದ್ದ ಪ್ರಶ್ನೆಗಳು ಗೋತ್ರ, ನಕ್ಷತ್ರ, ಪಾದ ಎಂಬ ಮೂರರಲ್ಲಿ ಮುಗಿಯುತ್ತಿದ್ದವು. ಪಾದವೆಂದರೆ ನಕ್ಷತ್ರದ ಪಾದವೇ ಹೊರತು, ಹುಡುಗಿಯ ಪಾದಗಳು ಎಲ್ಲೆಲ್ಲಿ ಓಡಾಡಿದವು ಎಂಬ ವಿಚಾರಣೆ ಅದಾಗಿರಲಿಲ್ಲ. ಈ ಕೊರತೆಯನ್ನು ಆಸ್ಟ್ರೇಲಿಯಾ ಸರ್ಕಾರ ತುಂಬಿಕೊಟ್ಟಿದೆ. ಆ ದೇಶದಲ್ಲಿರುವ ಗಂಡನ ಮನೆ ಸೇರಬೇಕಾದ ಹೆಂಡತಿ ಹಿಂದಿನ ಹತ್ತು ವರ್ಷಗಳಲ್ಲಿ ಯಾವ ಯಾವ ದೇಶದ ಮಣ್ಣು ತುಳಿದಳು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ತುಳಿದಳು, ಏಕೆ ತುಳಿದಳು ಎಂಬುದನ್ನೆಲ್ಲ ಅದು ಬರವಣಿಗೆಯಲ್ಲಿ ಬಯಸುತ್ತದೆ.

ನನ್ನ ಅಕ್ಕನ ಮಗಳ ಮದುವೆ 2024ರ ಕೊನೆಯಲ್ಲಿ ಶಿವಮೊಗ್ಗದ ಕಲ್ಯಾಣಮಂಟಪವೊಂದರಲ್ಲಿ ಸಾಂಗವಾಗಿ ನೆರವೇರಿತು. ಹುಡುಗ ಮೆಲ್ಬರ್ನಿನಲ್ಲಿ ನೆಲೆಸಿದವನು. ಸೇರಕ್ಕಿ ಒದ್ದು ಆ ಮನೆಯೊಳಗೆ ಬರುವ ಮೊದಲು ಅವಳು 309 ಎಂಬ ಉಪವರ್ಗದ ತಾತ್ಕಾಲಿಕ ವೀಸಾದ ಹೊಸ್ತಿಲನ್ನು ದಾಟಬೇಕು. ಅರ್ಜಿ ಹಾಕಿ ಎರಡು ವರ್ಷವಾದ ಮೇಲೆ, ಸಂಸಾರ ಇನ್ನೂ ಒಡೆದಿಲ್ಲವೆಂದು ತೋರಿಸಿಕೊಟ್ಟರೆ, 100 ಎಂಬ ಕಾಯಂ ವೀಸಾ. ಎರಡಕ್ಕೂ ಸೇರಿ 2025ರ ಜುಲೈಯಿಂದ ಶುಲ್ಕ 9,365 ಆಸ್ಟ್ರೇಲಿಯನ್ ಡಾಲರ್, ಅಂದರೆ ಐದು ಲಕ್ಷ ರೂಪಾಯಿಗೂ ಮೇಲೆ. ವರದಕ್ಷಿಣೆ ನಿಷೇಧ ಕಾಯ್ದೆ ನಮ್ಮಲ್ಲಿ 1961ರಲ್ಲೇ ಬಂದಿದೆಯಾದರೂ ಅದು ಗಂಡಿನ ಕಡೆಯವರಿಗೆ ಅನ್ವಯಿಸುತ್ತದೆಯೇ ವಿನಾ ಗಂಡಿನ ಕಡೆಯ ಸರ್ಕಾರಕ್ಕಲ್ಲ.

ದುಡ್ಡಿನ ಮಾತು ಹಾಗಿರಲಿ. ಜಾತಕದ 36 ಗುಣಗಳಲ್ಲಿ 18 ಕೂಡಿಬಂದರೆ ಮುಂದುವರಿಯಿರಿ ಎನ್ನುವ ನಮ್ಮ ಜೋಯಿಸರ ಔದಾರ್ಯ 1994ರ ಆಸ್ಟ್ರೇಲಿಯಾ ವಲಸೆ ನಿಯಮಗಳಿಗೆ ಇಲ್ಲ. ಹಣಕಾಸು, ಮನೆವಾರ್ತೆ, ಸಾಮಾಜಿಕ ಜೀವನ, ಪರಸ್ಪರ ಬದ್ಧತೆ ಎಂಬ ನಾಲ್ಕು ಮುಖಗಳಿಂದ ಆ ದಾಂಪತ್ಯ ನಿಜವಾದದ್ದು ಮತ್ತು ಮುಂದುವರಿಯುತ್ತಿರುವುದು ಎಂದು ಸಾಬೀತಾಗಬೇಕು. ಇದಿಷ್ಟು ಒಲವಿನ ಲೆಕ್ಕ. ಅದರ ಪಕ್ಕದಲ್ಲಿ ಗುಣದ ಲೆಕ್ಕಕ್ಕೆಂದು ಫಾರ್ಮ್ 80 ಎಂಬ ಇನ್ನೊಂದು ಕಡತವಿದೆ. ಕೇಳಿದಾಗ ಕೊಟ್ಟರೆ ಸಾಕಾದರೂ, ಕೇಳುವ ಮೊದಲೇ ತುಂಬಿಟ್ಟುಕೊಳ್ಳಿ ಎಂಬುದು ವೀಸಾ ಏಜೆಂಟರ ಉಪದೇಶ. ಹತ್ತು ವರ್ಷಗಳ ವಿಳಾಸಗಳನ್ನು ನಡುವೆ ಒಂದು ದಿನವೂ ಬಿಡದಂತೆ ಅದರಲ್ಲಿ ಬರೆಯಬೇಕು. ಹತ್ತು ವರ್ಷಗಳ ವಿದೇಶ ಪ್ರಯಾಣವನ್ನು ದೇಶ, ಬಂದ ದಿನ, ಹೋದ ದಿನ, ಕಾರಣ ಎಂದು ಬಿಡಿಸಿ ಬರೆಯಬೇಕು. ಅದನ್ನು ಗುಣಪರೀಕ್ಷೆಯ ಫಾರ್ಮ್ ಎನ್ನುತ್ತಾರೆ. ಪುಟಗಳನ್ನು ತಿರುವಿದ ಮೇಲೆ ನನಗೆ ಅನ್ನಿಸಿದ್ದು, ಅದು ಪರೀಕ್ಷಿಸುವುದು ಜ್ಞಾಪಕಶಕ್ತಿಯನ್ನು.

ಮರೆವು ಮನುಷ್ಯಸಹಜವಲ್ಲವೇ ಎಂದು ಕೇಳುವವರಿಗೆ 1958ರ ವಲಸೆ ಕಾಯ್ದೆಯ 100ನೆಯ ಕಲಮು ಉತ್ತರ ಕೊಡುತ್ತದೆ. ಉತ್ತರ ಕೊಟ್ಟವನಿಗೆ ಅದು ತಪ್ಪೆಂದು ಗೊತ್ತಿರದಿದ್ದರೂ ತಪ್ಪು ಉತ್ತರ ತಪ್ಪು ಉತ್ತರವೇ ಎಂದು ಆ ಕಲಮು ಹೇಳುತ್ತದೆ. ನಮ್ಮ ಕರ್ಮ ಸಿದ್ಧಾಂತ ಕೂಡ, ಅರಿಯದೆ ಮಾಡಿದ ಪಾಪಕ್ಕೆ ಒಂದಿಷ್ಟು ರಿಯಾಯಿತಿ ಇಟ್ಟಿದೆ. ಇನ್ನು ಸುಳ್ಳು ಅಥವಾ ದಾರಿ ತಪ್ಪಿಸುವ ಮಾಹಿತಿ ಕೊಟ್ಟವರಿಗೆ 4020 ಎಂಬ ಸಾರ್ವಜನಿಕ ಹಿತಾಸಕ್ತಿಯ ಮಾನದಂಡ ಕಾದಿದ್ದು, ಅದರ ಬಲೆಗೆ ಬಿದ್ದರೆ ವೀಸಾ ತಿರಸ್ಕಾರದ ಜೊತೆಗೆ ಮೂರು ವರ್ಷ ಬಹಿಷ್ಕಾರ. ನ್ಯಾಯವಾಗಿ ಹೇಳಬೇಕೆಂದರೆ, ಇದಕ್ಕೆ ಯಾರಿಂದಲಾದರೂ ವಂಚನೆ ನಡೆದಿರಬೇಕು, ಬರಿಯ ಕೈತಪ್ಪು ಸಾಲದು ಎಂದು ಅಲ್ಲಿಯ ಫೆಡರಲ್ ನ್ಯಾಯಾಲಯದ ಪೂರ್ಣಪೀಠ 2014ರಲ್ಲಿ ಹೇಳಿದೆ. ತಿದ್ದಿಕೊಳ್ಳುವ ದಾರಿಯೂ ಉಂಟು: ಒಂದು ಫಾರ್ಮಿನಲ್ಲಿ ತಪ್ಪು ಬರೆದೆನೆಂದು ತಿಳಿಸಲು ಫಾರ್ಮ್ 1023 ಎಂಬ ಇನ್ನೊಂದು ಫಾರ್ಮ್ ಇದೆ. ಆ ಫಾರ್ಮಿನಲ್ಲಿ ತಪ್ಪಿದರೆ ಯಾವ ಫಾರ್ಮ್ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಆಗಲಿಲ್ಲ.

ಪಾಸ್‌ಪೋರ್ಟ್ ತೆಗೆದು ಮುದ್ರೆಗಳನ್ನು ನೋಡಿ ಬರೆದರಾಯಿತಲ್ಲ ಎಂದು ಮೊದಲಿಗೆ ನಾನೂ ಸೋದರಮಾವನ ಗತ್ತಿನಲ್ಲಿ ಹೇಳಿದ್ದೆ. ಆದರೆ ಮುದ್ರೆ ಒತ್ತುವ ಕಾಲ ಮುಗಿಯುತ್ತ ಬಂದಿದೆ. ಹಾಂಗ್‌ಕಾಂಗ್ 2013ರಲ್ಲೇ ಅದನ್ನು ಬಿಟ್ಟು ಚೀಟಿ ಕೊಡತೊಡಗಿತು. ಸಿಂಗಪುರದಲ್ಲಿ ಈಗ ಮಿಂಚಂಚೆಯಲ್ಲಿ ಒಂದು ಪಾಸ್ ಬರುತ್ತದೆ. ಯುರೋಪಿನ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಮುದ್ರೆಯ ಬದಲು ಮುಖ ಮತ್ತು ಬೆರಳಚ್ಚನ್ನು ಯಂತ್ರದಲ್ಲಿ ದಾಖಲಿಸುವುದಕ್ಕೆ ತೊಡಗಿವೆ. ಎಲ್ಲಕ್ಕಿಂತ ಮಿಗಿಲಾಗಿ, ಯಾವ ದಿನ ಎಲ್ಲಿಗೆ ಬಂದೆ ಎಂದು ಜಗತ್ತನ್ನೆಲ್ಲ ಕೇಳುವ ಆಸ್ಟ್ರೇಲಿಯಾವೇ ತನ್ನ ಬಾಗಿಲಲ್ಲಿ ವಾಡಿಕೆಯಾಗಿ ಮುದ್ರೆ ಒತ್ತುವುದನ್ನು ಬಿಟ್ಟು ವರ್ಷಗಳಾದವು. ಹಾಗೆಂದು ಅದರ ಬಳಿ ಲೆಕ್ಕವಿಲ್ಲವೆಂದು ತಿಳಿಯಬೇಡಿ. ಬಂದವರ, ಹೋದವರ ಪ್ರತಿ ದಿನಾಂಕವೂ ಅದರ ಗಣಕದಲ್ಲಿ ಭದ್ರವಾಗಿದೆ; ಬೇಕಾದವರು ಅರ್ಜಿ ಹಾಕಿ ತಮ್ಮ ಓಡಾಟದ ದಾಖಲೆಯನ್ನು ಅದೇ ಇಲಾಖೆಯಿಂದ ಪಡೆಯಬಹುದು. ಅಂದರೆ ಹಿಂದೆ ಯಾವಾಗ ಆಸ್ಟ್ರೇಲಿಯಾಕ್ಕೆ ಬಂದಿದ್ದಿರಿ ಎಂದು ಇಲಾಖೆ ಕೇಳಿದಾಗ, ಮರೆತವನು ಇಲಾಖೆಯನ್ನೇ ಕೇಳಿ ತಿಳಿದುಕೊಂಡು ಇಲಾಖೆಗೆ ತಿಳಿಸಬಹುದು. ಸಾಲ ಕೊಟ್ಟ ಶೆಟ್ಟರೇ ಖಾತೆ ಪುಸ್ತಕವನ್ನು ತೊಡೆಯ ಕೆಳಗಿಟ್ಟುಕೊಂಡು, 'ಎಷ್ಟು ಬಾಕಿ ಇದೆ, ನೀನೇ ಹೇಳು ನೋಡೋಣ' ಎಂದು ನಗುವ ದೃಶ್ಯ ನೆನಪಾಗುತ್ತದೆ.

ಅಕ್ಕನ ಮಗಳು ವಿದೇಶಕ್ಕೆ ಹೋದದ್ದು ಎರಡೇ ಸಲ. ಒಂದು ಮದುವೆಯಾದ ಮೇಲೆ ಬಾಲಿಗೆ, ಇನ್ನೊಂದು 2017ರಲ್ಲಿ ನನ್ನ ಅಮ್ಮನ ಕೈ ಹಿಡಿದುಕೊಂಡು ಕಾಶಿ, ಗಯಾ, ನೇಪಾಳ ಎಂಬ ಯಾತ್ರಾ ಬಸ್ಸಿನಲ್ಲಿ. ಇದರಲ್ಲಿ ನೇಪಾಳ ಫಾರ್ಮಿಗೆ ಕೂರದ ದೇಶ. 1950ರ ಶಾಂತಿ ಮತ್ತು ಮೈತ್ರಿ ಒಪ್ಪಂದದ ದೆಸೆಯಿಂದ ನಮ್ಮವರು ಮತದಾರರ ಗುರುತಿನ ಚೀಟಿ ತೋರಿಸಿ ಸುನೌಲಿಯ ಗಡಿಯನ್ನು ಸಂತೆಗೆ ಹೋದಂತೆ ದಾಟುತ್ತಾರೆ. ವೀಸಾ ಇಲ್ಲ, ಮುದ್ರೆಯಿಲ್ಲ. ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ತಿರುಗಿಸಬೇಕು ಎನ್ನುವುದೊಂದೇ ವಿದೇಶದ ಕುರುಹು. ಅಮ್ಮನಿಗಂತೂ ಅದು ವಿದೇಶವೆಂದು ಇಂದಿಗೂ ಒಪ್ಪಿಗೆಯಿಲ್ಲ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು. ನಮ್ಮ ಕಡೆಯ ಭಟ್ಟರು ಮಂಗಳಾರತಿ ಕೊಡುವ ಊರು ಪರದೇಶ ಹೇಗಾದೀತು ಎಂಬುದು ಅವಳ ವಾದ.

ದಿನಾಂಕ ಬೇಕಲ್ಲ. ಯಾತ್ರಾ ಬಸ್ಸಿನ ರಸೀದಿ ಎಂದೋ ಗೆದ್ದಲಿನ ಪಾಲಾಗಿದೆ. ಆಗಿನ ಮೊಬೈಲು ತುಂಗೆಯ ಪಾಲಾಗಿದೆ. ಉಳಿದ ಸಾಕ್ಷಿ ಅಮ್ಮನ ನೆನಪು, ಮತ್ತು ಆ ನೆನಪು ಗ್ರೆಗೋರಿಯನ್ ಪಂಚಾಂಗದಲ್ಲಿಲ್ಲ. 'ಗಡಿ ದಾಟಿದ್ದು ಉತ್ಥಾನ ಏಕಾದಶಿಯ ದಿನ ಕಣೇ. ನಾನು ಉಪವಾಸ. ಎಲ್ಲರೂ ಇಳಿದು ಪೂರಿ ತಿಂದರು, ನಾನು ಬಸ್ಸಿನಲ್ಲೇ ಕೂತು ಎರಡು ಬಾಳೆಹಣ್ಣು ತಿಂದೆ. ಮಾರನೆಯ ದಿನ ಮನೆಯಲ್ಲಿ ತುಳಸಿ ಪೂಜೆ ತಪ್ಪಿತಲ್ಲ ಅಂತ ಕಠ್ಮಂಡುವಿನಲ್ಲಿ ಕಣ್ಣೀರು ಹಾಕಿದ್ದೆ' ಎಂದಳು. ನಾನು ಬೀರುವಿನಿಂದ ಹೇವಿಳಂಬಿ ಸಂವತ್ಸರದ ಪಂಚಾಂಗ ಹುಡುಕಿ ತೆಗೆದೆ. ಕಾರ್ತಿಕ ಶುದ್ಧ ಏಕಾದಶಿ, 2017ರ ಅಕ್ಟೋಬರ್ 31. ನಮ್ಮ ಪುಣ್ಯಕ್ಕೆ ಆ ಸಲ ಸ್ಮಾರ್ತರಿಗೂ ವೈಷ್ಣವರಿಗೂ ಏಕಾದಶಿ ಒಂದೇ ದಿನ ಬಿದ್ದಿತ್ತು. ಬೇರೆಯಾಗಿದ್ದರೆ ಕಾನ್‌ಬೆರಾದಲ್ಲಿ ಕುಳಿತ ಅಧಿಕಾರಿಗೆ, ಏಕಾದಶಿಗೆ ದಶಮಿ ತಾಗಿಕೊಳ್ಳುವ ದಶಮೀ ವೇಧೆ ಎಂದರೇನೆಂದು ವಿವರಿಸುವ ಅನುಬಂಧವೊಂದನ್ನು ಲಗತ್ತಿಸಬೇಕಾಗುತ್ತಿತ್ತು. ಮಾರನೆಯ ದಿನ ನವೆಂಬರ್ 1 ಎಂದು ಕಂಡಾಗ ಅಕ್ಕನ ಮಗಳಿಗೂ ನೆನಪು ಬಂತು. ಬಸ್ಸಿನವರು ಕಠ್ಮಂಡುವಿನ ಧರ್ಮಶಾಲೆಯ ಮುಂದೆ ಕನ್ನಡ ಬಾವುಟ ಕಟ್ಟಿ, ಲಾಡು ಹಂಚಿ ರಾಜ್ಯೋತ್ಸವ ಮಾಡಿದ್ದರಂತೆ. ಹುಣ್ಣಿಮೆಗೆ ಪಟ್ನಾದಲ್ಲಿ ಗಂಗಾಸ್ನಾನ, ಅದು ನವೆಂಬರ್ 4. ಅದರ ಹಿಂದಿನ ಎರಡು ರಾತ್ರಿ ಬಿಹಾರದಲ್ಲಿ. ಹಾಗಾದರೆ ರಕ್ಸೌಲ್ ಗಡಿ ದಾಟಿ ಮರಳಿದ್ದು ನವೆಂಬರ್ 2. ಒಂದು ದೇಶದ ಗೃಹ ಇಲಾಖೆಯ ಪ್ರಶ್ನೆಗೆ ತಿಥಿ, ಉಪವಾಸ ಮತ್ತು ಲಾಡುವಿನ ಆಧಾರದಿಂದ ಇಷ್ಟು ಕರಾರುವಾಕ್ಕಾದ ಉತ್ತರ ಸಿಕ್ಕಿದ್ದಕ್ಕೆ ನನಗೆ ಹೆಮ್ಮೆಯೇ ಆಯಿತು. ಕಾರಣದ ಅಂಕಣದಲ್ಲಿ 'ಟೂರಿಸಂ' ಎಂದು ಬರೆಯುವುದಕ್ಕೆ ಮಾತ್ರ ಅಮ್ಮ ಸುತರಾಂ ಒಪ್ಪಲಿಲ್ಲ. ಅಷ್ಟು ಕಷ್ಟಪಟ್ಟು ಗಳಿಸಿದ ಪುಣ್ಯವನ್ನು ಷೋಕಿಯ ಲೆಕ್ಕಕ್ಕೆ ಬರೆಯುತ್ತೀರಾ ಎಂದು ಆ ರಾತ್ರಿ ಊಟ ಬಿಟ್ಟಳು, ಅಂದು ಏಕಾದಶಿಯಾಗಿರಲಿಲ್ಲ.

ಬಾಲಿಯ ಪ್ರಯಾಣ ಸುಲಭವೆಂದುಕೊಂಡಿದ್ದೆವು. ಅದರ ತೊಡಕು ಬೇರೆ. ಗಂಡ ಹೆಂಡಿರು ಜೊತೆಯಾಗಿ ಮಾಡಿದ ಪ್ರವಾಸ ಒಲವಿನ ಕಡತದಲ್ಲಿ ಸಾಕ್ಷ್ಯ. ಅದೇ ಪ್ರವಾಸ ಗುಣದ ಕಡತದಲ್ಲಿ ವಿಚಾರಣೆಯ ವಿಷಯ. ಆದ್ದರಿಂದ ಎರಡರಲ್ಲೂ ದಿನಾಂಕ ಕೂಡಬೇಕು. ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ವಿಮಾನಗಳಿಗೆ ನಡುರಾತ್ರಿಯ ಮೇಲೆ ವಿಶೇಷ ಪ್ರೀತಿಯಿರುವುದು ಎಲ್ಲರಿಗೂ ಗೊತ್ತಿದೆ. ಇವಳ ಪಾಸ್‌ಪೋರ್ಟಿಗೆ ದೇವನಹಳ್ಳಿಯಲ್ಲಿ ಮುದ್ರೆ ಬಿದ್ದದ್ದು 11ನೆಯ ತಾರೀಖು ರಾತ್ರಿ ಹತ್ತೂವರೆಗೆ, ವಿಮಾನ ಮೇಲೆದ್ದದ್ದು 12ನೆಯ ತಾರೀಖು, ಇಳಿದದ್ದೂ 12. ಅಳಿಯ ಮೆಲ್ಬರ್ನಿನಿಂದ ನೇರ ಹೊರಟು 11ರ ರಾತ್ರಿಯೇ ಬಾಲಿ ತಲುಪಿ ಹೋಟೆಲಿನಲ್ಲಿ ಒಬ್ಬನೇ ಮಲಗಿದ್ದ. ಇಬ್ಬರೂ ಬೇರೆಬೇರೆಯಾಗಿ ಬರೆದ ಸಂಬಂಧದ ಹೇಳಿಕೆಗಳಲ್ಲಿ ಅವನು 'ಹನ್ನೊಂದರಿಂದ ನಾವು ಜೊತೆಯಲ್ಲಿದ್ದೆವು' ಎಂದು ಪ್ರೀತಿಯಿಂದ ಬರೆದಿದ್ದ. ಇವಳು ಹನ್ನೆರಡು ಎಂದು ಪ್ರಾಮಾಣಿಕವಾಗಿ ಬರೆದಿದ್ದಳು. ಆ ಒಂದು ರಾತ್ರಿ ಇಬ್ಬರಲ್ಲಿ ಯಾರು ಎಲ್ಲಿದ್ದರೆಂಬುದು ಮೂರು ದಿನ ಎರಡೂ ಮನೆಗಳ ಚರ್ಚೆಯಾಯಿತು. ಸುಳ್ಳು ದಂಪತಿಗಳಾಗಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ. ಅವರು ಮೊದಲೇ ಕೂತು ತಾರೀಖು ಹೊಂದಿಸಿಕೊಂಡಿರುತ್ತಾರೆ. ಬಿಡುವಿಲ್ಲದ, ಬಿರುಕಿಲ್ಲದ, ದಿನಾಂಕಕ್ಕೆ ದಿನಾಂಕ ಅಂಟಿದ ಹತ್ತು ವರ್ಷಗಳು ಬೇಕೆಂದರೆ ಕಟ್ಟಿಹೇಳುವವನನ್ನೇ ಕೇಳಬೇಕು.

ಕೇಳಲೇಬಾರದೆಂದು ನಾನು ಹೇಳುತ್ತಿಲ್ಲ. ಬೇರೆ ದೇಶದಲ್ಲಿ ವೀಸಾ ಮುಗಿದ ಮೇಲೂ ಉಳಿದವರು, ಅಪರಾಧ ಮಾಡಿ ತಪ್ಪಿಸಿಕೊಂಡವರು, ಒಂದು ಮದುವೆಯನ್ನು ಮುಚ್ಚಿಟ್ಟು ಇನ್ನೊಂದಕ್ಕೆ ಹಾರ ಹಾಕಿದವರು ಇದ್ದಾರೆ. ಬಾಗಿಲು ಕಾಯುವವನು ಬಂದವರ ಪೂರ್ವಾಪರ ವಿಚಾರಿಸುವುದರಲ್ಲಿ ತಪ್ಪಿಲ್ಲ. ಆದರೆ ಅವರನ್ನು ಹಿಡಿಯಲು ಬೀಸಿದ ಬಲೆಯಲ್ಲಿ ಮೊದಲು ಸಿಕ್ಕುವವರು, ಜಗಲಿಯಲ್ಲಿ ಪಂಚಾಂಗ ಹರವಿಕೊಂಡು ಕೂತ ನಮ್ಮಂಥವರು.

ಕಾಶಿಯಾತ್ರೆಯ ಪ್ರಸಂಗವನ್ನು ಹೇಳದೆ ಬಿಡಲಾಗದು. ಸಾಕ್ಷ್ಯಕ್ಕೆಂದು ಕಳಿಸಿದ ಮದುವೆಯ ಫೋಟೋಗಳನ್ನು ನೋಡಿದ ಏಜೆಂಟರು, ಕನ್ನಡ ಬಾರದವರು, ಒಂದರ ಬಗ್ಗೆ ಆತಂಕಗೊಂಡು ಫೋನ್ ಮಾಡಿದರು. ಅದರಲ್ಲಿ ವರ ಮಹಾಶಯ ಪಂಚೆಯುಟ್ಟು, ಛತ್ರಿ ಊರುಗೋಲು ಹಿಡಿದು ಮಂಟಪದ ಬಾಗಿಲ ಕಡೆಗೆ ಸರಸರನೆ ಹೊರಟಿದ್ದಾನೆ. ನನ್ನ ಭಾವ ಅವನ ರಟ್ಟೆ ಹಿಡಿದು ಎಳೆಯುತ್ತಿದ್ದಾರೆ. 'ಮದುವೆಯ ದಿನವೇ ವರ ಬಿಟ್ಟುಹೋಗುತ್ತಿದ್ದು, ಹೆಣ್ಣಿನ ತಂದೆ ಬಲವಂತವಾಗಿ ತಡೆದಂತೆ ಕಾಣುತ್ತದಲ್ಲ, ಅಧಿಕಾರಿ ಏನೆಂದುಕೊಂಡಾರು?' ಎಂಬುದು ಅವರ ಪ್ರಶ್ನೆ. ಅದು ಶಾಸ್ತ್ರ, ಅವನು ಸನ್ಯಾಸಕ್ಕೆಂದು ಕಾಶಿಗೆ ಹೊರಟಂತೆ ನಟಿಸುತ್ತಾನೆ, ಇವರು ಮಗಳನ್ನು ಕೊಡುತ್ತೇನೆಂದು ಕರೆತರುತ್ತಾರೆ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಂದರೆ ಹೊರಟ ಪ್ರಯಾಣ ಪೂರ್ಣವಾಗಲಿಲ್ಲ' ಎಂದರು. ಬಾಗಿಲಲ್ಲೇ ತಡೆದು ವಾಪಸು ಕಳಿಸಿದ್ದನ್ನು ಪ್ರವೇಶ ನಿರಾಕರಣೆ ಎಂದು ಘೋಷಿಸಬೇಕೇ ಎಂದು ಕೇಳಬೇಕೆನಿಸಿತಾದರೂ, ಅವರು ನಿಜವಾಗಿಯೂ ಯೋಚಿಸಿಯಾರೆಂಬ ಭಯದಿಂದ ನಾಲಿಗೆ ಕಚ್ಚಿಕೊಂಡೆ. ಆ ಫೋಟೋವನ್ನು ಕೈಬಿಟ್ಟೆವು.

ಅಂತೂ ಒಂದು ಶುಭ ಮುಹೂರ್ತದಲ್ಲಿ, ರಾಹುಕಾಲ ಕಳೆದ ಮೇಲೆ, ಎಲ್ಲವನ್ನೂ ಲಗತ್ತಿಸಿ, ಹಣ ಕಟ್ಟಿ, ಅರ್ಜಿ ಸಲ್ಲಿಸಿಯಾಯಿತು. ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಎಲ್ಲರೂ ಕೂತು ಕಾಫಿ ಕುಡಿಯುವಾಗ ಅಮ್ಮ ಮೊಮ್ಮಗಳ ತಲೆ ಸವರುತ್ತ, ನಿನಗೆ ಒಳ್ಳೆಯದೇ ಆಗುತ್ತದೆ, ಆ ತಾಯಿಯ ದರ್ಶನ ಸುಮ್ಮನೆ ಹೋಗುವುದಿಲ್ಲ ಎಂದಳು. ಯಾವ ತಾಯಿ ಎಂದು ಇವಳು ಕೇಳಿದಳು.

'ಸೀತಮ್ಮ ಕಣೇ. ಹುಣ್ಣಿಮೆಯ ಹಿಂದಿನ ದಿನ ಸೀತಾಮಢಿಯಿಂದ ಜೀಪು ಮಾಡಿಕೊಂಡು ಬೆಳಿಗ್ಗೆ ಹೋಗಿ ಸಂಜೆ ಬಂದೆವಲ್ಲ, ಅವಳ ತವರಿಗೆ, ಜನಕಪುರಕ್ಕೆ. ನಿನಗೆ ನಿದ್ದೆ, ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೇ ಮಲಗಿದ್ದೆ.' ಅಷ್ಟು ಹೇಳಿದವಳು ನಮ್ಮೆಲ್ಲರ ಮುಖ ನೋಡಿ ಗಾಬರಿಯಾದಳು. 'ಯಾಕ್ರೋ? ಅದೂ ಬಿಹಾರವೇ ಅಲ್ಲವೇನೋ?'

ಅಕ್ಕನ ಮಗಳು ಕಾಫಿಯ ಲೋಟವನ್ನು ಕೆಳಗಿಟ್ಟು, ಒಂದು ಮಾತೂ ಆಡದೆ, ಲ್ಯಾಪ್‌ಟಾಪ್ ತೆರೆದು ಫಾರ್ಮ್ 1023 ಹುಡುಕತೊಡಗಿದಳು. ಅಮ್ಮ ಅವಳ ಭುಜದ ಮೇಲಿಂದ ಬಗ್ಗಿ ನೋಡಿ ಹೇಳಿದಳು: 'ಈ ಸಲವೂ ಟೂರಿಸಂ ಅಂತ ಬರೆದರೆ ಮಾತ್ರ ನಾನು ಸುಮ್ಮನಿರುವುದಿಲ್ಲ.'