ಸ್ವಂತ ಖರ್ಚಿನ ದಿಬ್ಬಣ

ನಮ್ಮ ಕಡೆ ಮದುವೆಗೆ ಕರೆಯಲು ಬಂದವರು ಮೂಲೆಗೆ ಅರಿಶಿನ ಸವರಿದ ಕಾರ್ಡು ಕೈಗಿಟ್ಟು, "ಮನೆಮಂದಿಯೆಲ್ಲ ಬರಬೇಕು, ಹಿಂದಿನ ದಿನವೇ ಬಂದ್ಬಿಡಿ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನ್ಯೂಜೆರ್ಸಿಯ ನನ್ನ ಆಫೀಸಿನ ಗೆಳೆಯ ಕಳಿಸಿದ್ದು ಹದಿನಾಲ್ಕು ಪುಟದ ಪಿಡಿಎಫ್. ಮೊದಲ ಪುಟದಲ್ಲಿ ಸೈಪ್ರೆಸ್ ಮರಗಳ ಸಾಲು. ಎರಡನೆಯದರಲ್ಲಿ ಬಣ್ಣದ ಚೌಕಗಳು. ಪೇಂಟ್ ಅಂಗಡಿಯ ಜಾಹೀರಾತು ತಪ್ಪಿ ಸೇರಿಕೊಂಡಿದೆ ಅಂದುಕೊಂಡೆ. ಅಲ್ಲವಂತೆ, ಅತಿಥಿಗಳು ಯಾವ ದಿನ ಯಾವ ಬಣ್ಣದಲ್ಲಿರಬೇಕು ಎಂಬ ಆಜ್ಞೆಯಂತೆ. ಶುಕ್ರವಾರ 'ಸುಟ್ಟ ಜೇಡಿಮಣ್ಣು', ಶನಿವಾರ 'ಆಲಿವ್ ಎಲೆಯ ಹಿಂಬದಿ'. ಎಲೆಯ ಮುಂಬದಿಯ ಬಣ್ಣ ಉಟ್ಟು ಬಂದವರ ಗತಿ ಏನೆಂದು ಬರೆದಿರಲಿಲ್ಲ.

ಗೆಳೆಯ ಯಹೂದಿ, ಹುಡುಗಿಯೂ ಯಹೂದಿ. ಇಬ್ಬರೂ ಹುಟ್ಟಿ ಬೆಳೆದದ್ದು ಒಂದೇ ಕೌಂಟಿಯಲ್ಲಿ. ಅವನ ಮನೆಯಿಂದ ಸಿನಗಾಗಿಗೆ, ಅಂದರೆ ಅವರ ಪ್ರಾರ್ಥನಾ ಮಂದಿರಕ್ಕೆ, ಹತ್ತು ನಿಮಿಷದ ದಾರಿ. ಹದಿಮೂರು ತುಂಬಿದಾಗ ಅವನ ಬಾರ್ ಮಿಟ್ಸ್ವಾ, ನಮ್ಮ ಉಪನಯನದಂಥದ್ದು, ಆದದ್ದೂ ಅಲ್ಲೇ. ದೊಡ್ಡ ಊಟದ ಹಾಲ್ ಇದೆ, ಪಾರ್ಕಿಂಗ್ ಪುಕ್ಕಟೆ. ಆದರೂ ಮದುವೆ ಇಟಲಿಯ ಟಸ್ಕನಿಯಲ್ಲಿ, ಕಿಯಾಂಟಿ ಗುಡ್ಡದ ಮೇಲಿನ ಹಳೆಯ ವಿಲ್ಲಾವೊಂದರಲ್ಲಿ. ಅಲ್ಲಿ ನಿಮ್ಮವರು ಯಾರಿದ್ದಾರೆ ಅಂತ ಕೇಳಿದೆ. ಯಾರೂ ಇಲ್ಲ. ಮತ್ಯಾಕೆ? "ಅಲ್ಲಿಯ ಬೆಳಕು" ಎಂದ. ಎಲ್ಲ ಕಡೆ ಒಬ್ಬನೇ ಸೂರ್ಯ ಅಂತ ನಂಬಿದ್ದ ನಾನು ತೆಪ್ಪಗಾದೆ.

ಇನ್ನೊಂದು ಗುಟ್ಟು ಹೇಳಬೇಕು. ಅಮೆರಿಕದವರು ಇಟಲಿಯಲ್ಲಿ ಕಾನೂನು ಪ್ರಕಾರ ಮದುವೆಯಾಗಬೇಕೆಂದರೆ ಪ್ರಮಾಣಪತ್ರ, ಸಾಕ್ಷಿ, ಕಾನ್ಸುಲೇಟು ಅಂತ ಅಲೆದಾಟ ಬಹಳ. ಅದಕ್ಕೇ ಇವರು ಮೂರು ವಾರ ಮೊದಲೇ ತಮ್ಮೂರಿನ ಮುನಿಸಿಪಲ್ ಕಚೇರಿಯಲ್ಲಿ ಕೆಲಸ ಮುಗಿಸಿಬಿಟ್ಟಿದ್ದರು. ನ್ಯೂಜೆರ್ಸಿಯಲ್ಲಿ ಮದುವೆಯ ಲೈಸೆನ್ಸಿಗೆ 28 ಡಾಲರ್. ಅರ್ಜಿ ಹಾಕಿ 72 ಗಂಟೆ ಕಾದರೆ ಸಾಕು. ಅಂದರೆ ನಾನು ಮೂರು ದಿನ ರಜೆ ಹಾಕಿ, ಅಟ್ಲಾಂಟಿಕ್ ಸಾಗರ ದಾಟಿ ಹೊರಟಿದ್ದು ಆಗಿಹೋದ ಮದುವೆಯ ಮದುವೆಗೆ.

ಇದೆಲ್ಲ ಅತಿಥಿಗಳಿಗಾಗಿಯೇ ಎಂದು ಪಿಡಿಎಫ್ ಆರು ಕಡೆ ಹೇಳುತ್ತಿತ್ತು. ವೆಡ್ಡಿಂಗ್ ಡಿಸೈನರ್ ಎಂಬಾಕೆ ಅದಕ್ಕೆ 'ಗೆಸ್ಟ್ ಜರ್ನಿ' ಅಂತ ಹೆಸರಿಟ್ಟಿದ್ದಳು. ವಿಮಾನ ನಮ್ಮದು, ಅವರು ಹೇಳಿದ ಹೋಟೆಲಿನಲ್ಲೇ ಮೂರು ರಾತ್ರಿ ಉಳಿಯಬೇಕು, ಆ ಬಾಡಿಗೆಯೂ ನಮ್ಮದು, ಜೇಡಿಮಣ್ಣಿನ ಬಣ್ಣದ ಅಂಗಿಯೂ ನಮ್ಮದು. ಅತಿಥಿ ದೇವೋ ಭವ ಸರಿಯೇ, ಆದರೆ ದೇವರು ತನ್ನ ಟಿಕೆಟ್ ತಾನೇ ಮಾಡಿಸಿಕೊಂಡು ಬರಬೇಕು.

ಮುಹೂರ್ತದ ಕಟ್ಟಳೆಯಲ್ಲಿ ಯಹೂದಿಗಳು ನಮಗೇನೂ ಕಡಿಮೆಯಿಲ್ಲ. ಪಾಸೋವರ್ ಹಬ್ಬದಿಂದ ಶಾವುಓತ್ ಹಬ್ಬದವರೆಗಿನ ಏಳು ವಾರ ಒಂದೊಂದೇ ದಿನ ಲೆಕ್ಕ ಹಾಕುವ, 'ಓಮೆರ್ ಎಣಿಸುವ' ಕಾಲ. ಸಂಪ್ರದಾಯಸ್ಥರು ಆ ಅವಧಿಯ ಬಹುಪಾಲು ದಿನ ಮದುವೆ ಇಟ್ಟುಕೊಳ್ಳುವುದಿಲ್ಲ. ನಡುಬೇಸಿಗೆಯಲ್ಲಿ ಜೆರುಸಲೇಮಿನ ದೇವಾಲಯ ಉರುಳಿದ ದುಃಖದ ಮೂರು ವಾರ, ಆಗಲೂ ಇಲ್ಲ. ಅದು ಅವರ ಆಷಾಢ. ಇವೆರಡರ ನಡುವೆ ಜೂನಿನ ಸುಮಾರಿಗೆ ಒಂದು ಸಂದು ಸಿಗುತ್ತದೆ, ವಿಲ್ಲಾದ ಬಾಡಿಗೆ ನೆತ್ತಿಗೇರುವುದೂ ಆಗಲೇ. ಇಷ್ಟು ಸಾಲದು ಅಂತ ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಶಬ್ಬಾತ್, ಅವರ ವಾರದ ವಿಶ್ರಾಂತಿಯ ದಿನ. ಆಗ ಮದುವೆ ಕೂಡದು.

ಡಿಸೈನರಮ್ಮನಿಗೆ ಬೇಕಾದದ್ದು ಶನಿವಾರ ಸಂಜೆ ಏಳೂವರೆಯ ಹೊಂಬಿಸಿಲು. ಶಬ್ಬಾತ್ ಮುಗಿಯುವುದು ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಎಂದು ಅವರ ಪುರೋಹಿತರಾದ ರಬ್ಬಿ ತಿಳಿಸಿದರು. ಜೂನ್ ಕೊನೆಯಲ್ಲಿ ಆ ಸೀಮೆಯಲ್ಲಿ ಸೂರ್ಯ ಮುಳುಗುವುದೇ ಒಂಬತ್ತಕ್ಕೆ, ಮೂರು ನಕ್ಷತ್ರ ಕಾಣಬೇಕಾದರೆ ರಾತ್ರಿ ಹತ್ತರ ಸುಮಾರಾಗುತ್ತದೆ. ಜೂಮ್ ಕರೆಯಲ್ಲಿ ಕೊಂಚ ಹೊತ್ತು ಮೌನ. ಆಮೇಲೆ ಆಕೆ, "ಎರಡು ನಕ್ಷತ್ರಕ್ಕೆ ಶುರು ಮಾಡಬಹುದಾ?" ಅಂದಳಂತೆ. ರಬ್ಬಿ ಒಪ್ಪಲಿಲ್ಲ. ಮದುವೆ ಭಾನುವಾರಕ್ಕೆ ಹೋಯಿತು. ನನ್ನ ಸೋಮವಾರದ ರಜೆಯೂ ಹೋಯಿತು.

ಶುಕ್ರವಾರ ಹೋಟೆಲು ಸೇರಿದರೆ ಹಾಸಿಗೆಯ ಮೇಲೆ ವೆಲ್ಕಮ್ ಬ್ಯಾಗ್. ನಾವು ತಾಂಬೂಲದ ಚೀಲವನ್ನು ಹೋಗುವಾಗ ಕೊಡುತ್ತೇವೆ, ಇವರು ಬರುವಾಗಲೇ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ಒಳಗೆ ಬೀಸಣಿಗೆ, ತಲೆನೋವಿನ ಮಾತ್ರೆ, ಬೆರಳುದ್ದದ ಬಾಟಲಿಯಲ್ಲಿ ಆಲಿವ್ ಎಣ್ಣೆ, ತಲೆಯ ಮೇಲಿಡಲು ಕಿಪ್ಪಾ ಎಂಬ ಪುಟ್ಟ ಲಿನನ್ ಟೋಪಿ. ಅದರೊಳಗೆ ವಧೂವರರ ಹೆಸರು, ತಾರೀಕು ಅಚ್ಚು ಹಾಕಿಸಿದ್ದರು. ಎಲ್ಲದರ ಅಡಿಯಲ್ಲಿ ರಿಬ್ಬನ್ ಕಟ್ಟಿದ ಒಂದು ತಿಂಡಿ.

ಈ ತಿಂಡಿಯ ಕಥೆ ಸ್ವಲ್ಪ ಹೇಳಲೇಬೇಕು. ಇದು ದಕ್ಷಿಣ ಟಸ್ಕನಿಯ ಪಿತಿಲ್ಯಾನೊ ಎಂಬ ಊರಿನದು. ಬಂಡೆಯ ನೆತ್ತಿಯಲ್ಲಿರುವ ಆ ಊರಿಗೆ 'ಪುಟ್ಟ ಜೆರುಸಲೇಮ್' ಅಂತಲೇ ಹೆಸರು. ತಿಂಡಿ ನೋಡಲು ಗೇಣುದ್ದದ ಕೋಲು. ತೆಳ್ಳನೆಯ ಕಣಕದೊಳಗೆ ಜೇನು, ಅಕ್ರೋಟು, ಕಿತ್ತಳೆ ಸಿಪ್ಪೆಯ ಹೂರಣ. ಹೆಸರು ಸ್ಫ್ರಾತ್ತೊ. ಇಟಾಲಿಯನ್ ಮಾತಿನಲ್ಲಿ ಸ್ಫ್ರಾತ್ತೊ ಅಂದರೆ ಮನೆಯಿಂದ ಎಬ್ಬಿಸಿ ಹೊರಹಾಕುವುದು. 17ನೇ ಶತಮಾನದಲ್ಲಿ ಮೆಡಿಚಿ ದೊರೆಗಳ ಆಳುಗಳು ಕೋಲಿನಿಂದ ಯಹೂದಿಗಳ ಬಾಗಿಲು ಬಡಿದು, ಮನೆ ಬಿಟ್ಟು ಗೆಟ್ಟೋಗೆ, ಅಂದರೆ ಯಹೂದಿಗಳನ್ನು ಕೂಡಿಹಾಕುವ ಕೇರಿಗೆ, ನಡೆಯಿರಿ ಅಂದರಂತೆ. ಆ ಜನ ಮುಂದೆ ಅದೇ ಕೋಲಿಗೆ ಜೇನು ತುಂಬಿ ಕಚ್ಚಿ ತಿಂದರು. ಅವಮಾನವನ್ನು ಹೀಗೆ ಅಗಿದು ನುಂಗಿದ ಜನ ಇನ್ನೆಲ್ಲಾದರೂ ಇದ್ದಾರೋ ನನಗೆ ಗೊತ್ತಿಲ್ಲ. ಡಿಸೈನರಮ್ಮ ಅದರ ರಿಬ್ಬನ್ನಿಗೆ ಚಿನ್ನದಕ್ಷರದ ಚೀಟಿ ಕಟ್ಟಿಸಿದ್ದಳು: 'ನಿಮ್ಮ ಮನೆಯೇ ಅಂದುಕೊಳ್ಳಿ.'

ಸಂಜೆ ವಿಲ್ಲಾದ ಅಂಗಳದಲ್ಲಿ ಶಬ್ಬಾತ್ ಊಟ. ಹುಡುಗಿಯ ಅಜ್ಜಿ, ಎಂಬತ್ತು ದಾಟಿದವರು, ತಮ್ಮ ಕೈಚೀಲದಲ್ಲಿ ಮಾಸಿದ ಎರಡು ಕಂಚಿನ ದೀಪದ ಕಂಬ ತಂದಿದ್ದರು. ಮೇಜಿನ ಮೇಲೆ ಆಗಲೇ ಡಿಸೈನರಮ್ಮನ ಮೂವತ್ತು ಮೇಣದ ಬತ್ತಿಗಳಿದ್ದವು, ಅಲ್ಲಿ ಜಾಗವಿರಲಿಲ್ಲ. ಅಜ್ಜಿ ಯಾರನ್ನೂ ಕೇಳದೆ ಒಂದು ಹೂದಾನಿ ಎತ್ತಿ ನೆಲಕ್ಕಿಟ್ಟರು. ಸೂರ್ಯ ಮುಳುಗಲು ಹದಿನೆಂಟು ನಿಮಿಷ ಇದ್ದಾಗ ದೀಪ ಹಚ್ಚಿದರು. ಜ್ವಾಲೆಯ ಮೇಲೆ ಕೈ ಮೂರು ಸುತ್ತು ಆಡಿಸಿ, ಕಣ್ಣು ಮುಚ್ಚಿಕೊಂಡು, ತುಟಿಯೊಳಗೇ ಮಂತ್ರ. ಅಷ್ಟರಲ್ಲಿ ಎಲ್ಲೋ ಡ್ರೋನ್ ಬಿಡುತ್ತಿದ್ದ ಫೋಟೋದವನು ಓಡಿ ಬಂದ. "ಸೂಪರ್, ಆದರೆ ಕಣ್ಣು ತೆಗೆದು ಈ ಕಡೆ ನೋಡಿ. ಒಂದ್ಸಲ ಆರಿಸಿ ಮತ್ತೆ ಹಚ್ಚಬಹುದಾ?"

ಹಚ್ಚಿದ ಮೇಲೆ ಅವರಿಗೆ ಶಬ್ಬಾತ್ ಬಂದಾಯಿತು. ಇನ್ನು ನಾಳೆ ಕತ್ತಲಾಗುವವರೆಗೆ ಬೆಂಕಿ ಹಚ್ಚುವ ಹಾಗಿಲ್ಲ, ಆರಿಸುವ ಹಾಗಿಲ್ಲ. ಅಜ್ಜಿ ನಿಧಾನವಾಗಿ ಕೈ ಇಳಿಸಿ ಅವನನ್ನು ನೋಡಿದರು. ನನ್ನ ಅಜ್ಜಿ ಮಡಿಯಲ್ಲಿದ್ದಾಗ ಮುಟ್ಟಲು ಓಡಿ ಬಂದ ಮೊಮ್ಮಕ್ಕಳನ್ನು ನೋಡುತ್ತಿದ್ದ ನೋಟವೇ ಅದು. ಅವನು ಎರಡು ಹೆಜ್ಜೆ ಹಿಂದೆ ಸರಿದು ಬ್ರೆಡ್ಡಿನ ಫೋಟೋ ತೆಗೆದ.

ವೈನಿನ ಪ್ರಹಸನ ಇನ್ನೊಂದು. ಸುತ್ತ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ತೋಟ, ಆದರೆ ಆ ವಿಲ್ಲಾದ ವೈನು ಕೋಷರ್ ಅಲ್ಲ, ಅಂದರೆ ಯಹೂದಿಗಳ ಮಡಿಗೆ ಒಗ್ಗುವಂಥದ್ದಲ್ಲ. ದ್ರಾಕ್ಷಿ ಹಿಂಡಿದ ಮೇಲೆ ಸೀಸೆಗೆ ಸೇರುವವರೆಗೆ ಶಬ್ಬಾತ್ ಪಾಲಿಸುವ ಯಹೂದಿಯ ಕೈಯಲ್ಲೇ ಇದ್ದರೆ ಕೋಷರ್. ಬೇರೆಯವರು ಬಡಿಸಿದರೂ ಕೆಡಬಾರದು ಅಂದರೆ ಅದನ್ನು ಮೊದಲೇ ಕಾಯಿಸಿರಬೇಕು. ಕಿಯಾಂಟಿಯಲ್ಲೇ ಕೋಷರ್ ವೈನ್ ಮಾಡುವವರು ಇದ್ದಾರೆ. ಆದರೆ ಆ ಸೀಸೆಯ ಚೀಟಿಯ ಕೆಂಪು ಮೇಜುಬಟ್ಟೆಗೆ ಹೊಂದಲಿಲ್ಲವಂತೆ. ಹಾಗಾಗಿ ದ್ರಾಕ್ಷಿ ತೋಟದ ನಡುವೆ ಕೂತು ಹಡಗಿನಲ್ಲಿ ಬಂದ ವೈನು ಕುಡಿದೆವು. ಮದ್ದೂರಿಗೆ ಮದುವೆ ಇಟ್ಟುಕೊಂಡು ವಡೆ ಡೆಲ್ಲಿಯಿಂದ ತರಿಸಿದ ಹಾಗೆ.

ರಾತ್ರಿ ಪಕ್ಕದಲ್ಲಿ ಕೂತ ರಬ್ಬಿ, ಎರಡನೇ ಲೋಟದ ನಂತರ, ಬೆಟ್ಟದ ಕಡೆ ಕೈ ತೋರಿಸಿ ಒಂದು ವಿಷಯ ಹೇಳಿದರು. ಫ್ಲಾರೆನ್ಸ್ ದಾಟಿ, ಅಪೆನ್ನೈನ್ ಬೆಟ್ಟಸಾಲು ಇಳಿದರೆ ಫೋರ್ಲಿ ಎಂಬ ಊರು ಸಿಗುತ್ತದೆ. 1418ರಲ್ಲಿ ಇಟಲಿಯ ಯಹೂದಿ ಸಮುದಾಯಗಳ ಮುಖಂಡರು ಅಲ್ಲಿ ಸೇರಿ, ನಮ್ಮವರ ಆಡಂಬರ ಅತಿಯಾಯಿತು, ನೆರೆಯವರ ಕಣ್ಣು ಕುಕ್ಕುವ ಹಾಗೆ ಮೆರೆಯಬಾರದು ಅಂತ ಕಟ್ಟಳೆ ಮಾಡಿದರು. ಯಾವ ಬಣ್ಣದ ತುಪ್ಪಳದ ಅಂಗಿ ತೊಡಬಹುದು ಎಂಬುದಕ್ಕೂ ನಿಯಮ. ಮದುವೆಯ ಔತಣಕ್ಕೆ, ಹತ್ತಿರದ ನೆಂಟರನ್ನು ಬಿಟ್ಟರೆ, ಇಪ್ಪತ್ತು ಗಂಡಸರು, ಹತ್ತು ಹೆಂಗಸರು, ಐದು ಹುಡುಗಿಯರು, ಅದಕ್ಕಿಂತ ಹೆಚ್ಚು ಜನರನ್ನು ಕರೆಯುವ ಹಾಗಿಲ್ಲ. ನಾನು ಸುತ್ತ ನೋಡಿದೆ. ನೂರ ಎಂಬತ್ತು ಕುರ್ಚಿ. ಅಂಗಿಯ ಬಣ್ಣಕ್ಕೆ ಅಂದೂ ನಿಯಮವಿತ್ತು, ಇಂದೂ ಇದೆ. ಅಂದು ಮೆರೆಯಬಾರದು ಅಂತ, ಇಂದು ಮೆರೆದದ್ದು ಫೋಟೋದಲ್ಲಿ ಸರಿಯಾಗಿ ಬರಲಿ ಅಂತ.

ನಗುವ ಮೊದಲು ನಮ್ಮ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಬೇಕಲ್ಲ. ಬಸವನಗುಡಿಯ ಹುಡುಗ, ಜಯನಗರದ ಹುಡುಗಿ, ಮದುವೆ ಉದಯಪುರದಲ್ಲಿ. ನಮ್ಮ ನೆಂಟರ ಮನೆಯ ಮದುವೆಯಲ್ಲಿ ಕಾಶಿಯಾತ್ರೆಗೆ ಹೊರಟ ವರ, ಡ್ರೋನಿನ ಬ್ಯಾಟರಿ ಬದಲಿಸುವವರೆಗೆ ಛತ್ರಿ ಹಿಡಿದು ನಿಂತಿದ್ದ. ಮಾವನಾಗುವವರು "ಕಾಶಿಗೆ ಹೋಗಬೇಡಿ" ಅಂತ ನಾಲ್ಕು ಸಲ ಬೇಡಿಕೊಂಡರು, ನಾಲ್ಕು ಆ್ಯಂಗಲ್‌ನಲ್ಲಿ.

ಭಾನುವಾರದ ಮುಖ್ಯ ಸಮಾರಂಭಕ್ಕೆ ವಿಲ್ಲಾದ ಗೇಟಿನಲ್ಲಿ ಕಪ್ಪು ಸೂಟಿನ ಇಬ್ಬರು. ಕ್ಯೂಆರ್ ಕೋಡ್ ತೋರಿಸಬೇಕು. ನನ್ನ ಫೋನಿನಲ್ಲಿ ಅದು ತೆರೆಯಲಿಲ್ಲ. ಎರಡು ದಿನದಿಂದ ಅವರೇ ಕೊಟ್ಟ ಕಿಪ್ಪಾ ತಲೆಯ ಮೇಲಿದ್ದರೂ ಹತ್ತು ನಿಮಿಷ ಜಲ್ಲಿಕಲ್ಲಿನ ಮೇಲೆ ನಿಲ್ಲಿಸಿದರು. ಅಲ್ಲಿಂದಲೇ ಹುಪ್ಪಾ ಕಾಣುತ್ತಿತ್ತು. ಹೆಸರಿನಲ್ಲೂ ರೂಪದಲ್ಲೂ ನಮ್ಮ ಚಪ್ಪರದ ದಾಯಾದಿಯ ಹಾಗೆ: ನಾಲ್ಕು ಕಂಬ, ಮೇಲೊಂದು ಬಟ್ಟೆ, ಗೋಡೆ ಇಲ್ಲ. ಗೋಡೆ ಯಾಕಿಲ್ಲ ಎಂಬುದಕ್ಕೆ ಅವರಲ್ಲಿ ಸುಂದರವಾದ ವಿವರಣೆ ಇದೆ. ಮೂಲಪುರುಷ ಅಬ್ರಹಾಮನ ಡೇರೆ ನಾಲ್ಕು ದಿಕ್ಕಿಗೂ ತೆರೆದಿತ್ತಂತೆ, ದಾರಿಹೋಕ ಯಾವ ಕಡೆಯಿಂದ ಬಂದರೂ ನೇರ ಒಳಗೆ ಬರಲಿ ಅಂತ. ಅದನ್ನು ಅಚ್ಚುಹಾಕಿದ ಕೈಪಿಡಿಯಲ್ಲಿ ಓದುತ್ತಾ ಗೇಟಿನ ಹೊರಗೆ ನಿಂತಿದ್ದೆ.

ವಧು ವರನ ಸುತ್ತ ಏಳು ಸುತ್ತು ಬಂದಳು. ಏಳು ಆಶೀರ್ವಾದಗಳಾದವು. ಕೇತೂಬಾ ಎಂಬ ಮದುವೆಯ ಕರಾರನ್ನು ಅರಾಮಿಕ್ ಭಾಷೆಯಲ್ಲಿ ಓದಿದರು. ನಮ್ಮಲ್ಲಿ ಸಂಸ್ಕೃತಕ್ಕೆ ತಲೆಯಾಡಿಸುವ ಹಾಗೆ ಎಲ್ಲರೂ ತಲೆಯಾಡಿಸಿದರು. ಅದರ ಸುತ್ತ ಚಿತ್ರಕಾರ ಬಿಡಿಸಿದ್ದ ಬಳ್ಳಿ ಮಾತ್ರ ಆಲಿವ್ ಎಲೆಯ ಹಿಂಬದಿಯ ಬಣ್ಣದಲ್ಲೇ ಇತ್ತು. ಕೊನೆಗೆ ವರ ಬಟ್ಟೆ ಸುತ್ತಿದ ಗಾಜಿನ ಲೋಟವನ್ನು ಕಾಲಿನಿಂದ ತುಳಿದು ಒಡೆದ. "ಮಝಲ್ ತೋವ್!"

ಈ ಲೋಟ ಒಡೆಯುವುದಕ್ಕೆ ಅವರ ಧರ್ಮಗ್ರಂಥ ತಾಲ್ಮುದಿನಲ್ಲಿ ಒಂದು ಕಥೆ ಇದೆ. ಮಗನ ಮದುವೆಯಲ್ಲಿ ಪಂಡಿತರ ಉಲ್ಲಾಸ ಹದ್ದು ಮೀರಿದ್ದನ್ನು ಕಂಡ ತಂದೆಯೊಬ್ಬ, 400 ಝೂಝ್ (ಆ ಕಾಲದ ಬೆಳ್ಳಿ ನಾಣ್ಯ) ಬೆಲೆಯ ಬಟ್ಟಲನ್ನು ತಂದು ಅವರೆದುರೇ ಒಡೆದುಹಾಕಿದ. ಸಭೆ ಗಪ್‌ಚುಪ್. ಕನ್ಯೆಯ ಕೇತೂಬಾದಲ್ಲಿ ಬರೆಯುವ ಮೊತ್ತ 200 ಝೂಝ್ ಎಂಬುದು ಗೊತ್ತಿದ್ದರೆ, ಒಂದೇ ಏಟಿಗೆ ಎರಡು ಕೇತೂಬಾ ಚೂರಾಯಿತು ಅಂತ ಲೆಕ್ಕ. ಕೂತವರಿಗೆ ಅಮಲು ಇಳಿಯದೆ ಇರುತ್ತದೆಯೇ? ಈ ಭಾನುವಾರ ಲೋಟ ಒಡೆದ ಮರುಕ್ಷಣ ಡಿಸೈನರಮ್ಮನ ಸಹಾಯಕಿ ಕೈಗವಸು ತೊಟ್ಟು, ಮೊಣಕಾಲೂರಿ, ಚೂರುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿಕೊಂಡಳು. ಅದನ್ನು ಅಕ್ರಿಲಿಕ್ಕಿನಲ್ಲಿ ಕೂರಿಸಿ ಡ್ರಾಯಿಂಗ್ ರೂಮಿಗೆ ಶೋಪೀಸ್ ಮಾಡಿಕೊಡುತ್ತಾರಂತೆ. ಲೋಟದ ಗಾಜಿನ ಬಣ್ಣ ಆರಿಸಲು ಎರಡು ವಾರ ಹಿಡಿಯಿತು ಅಂತ ಗೆಳೆಯನೇ ಹೇಳಿದ.

ಕುಣಿತಕ್ಕೆ ಮಾತ್ರ ಯಾರ ಡಿಸೈನೂ ನಡೆಯಲಿಲ್ಲ. ಹೋರಾ ಎಂಬ ಅವರ ಸುತ್ತುಕುಣಿತ ಶುರುವಾದದ್ದೇ ವಧೂವರರನ್ನು ಕುರ್ಚಿ ಸಮೇತ ಎತ್ತಿ ಕುಣಿಸಬೇಕು. ಊರಿನ ಜಾತ್ರೆಯಲ್ಲಿ ಉತ್ಸವಮೂರ್ತಿಯ ಪಲ್ಲಕ್ಕಿಗೆ ಹೆಗಲು ಕೊಟ್ಟ ಅನುಭವ ನನಗಿದೆ ಅಂತ ಬಾಯಿ ತಪ್ಪಿ ಹೇಳಿದ್ದೆ, ವರನ ಕುರ್ಚಿಯ ಹಿಂದಿನ ಎಡಗಾಲು ನನ್ನ ಪಾಲಿಗೆ ಬಂತು. ದೇವರು ಪಲ್ಲಕ್ಕಿಯಲ್ಲಿ ಅಲುಗಾಡದೆ ಕೂರುತ್ತಾನೆ, ಇವನು ಎರಡೂ ಕೈ ಬಿಟ್ಟು ಕರವಸ್ತ್ರ ಬೀಸುತ್ತಿದ್ದ. ಆಲಿವ್ ಎಲೆಗಳೂ ಜೇಡಿಮಣ್ಣೂ ಬೆವರಿನಲ್ಲಿ ಕಲಸಿಹೋದವು. ಅಜ್ಜಿ ಚಪ್ಪಲಿ ಬಿಟ್ಟು ವೃತ್ತದ ನಡುವೆ ಬಂದರು. ಫೋಟೋದವನನ್ನು ಯಾರೋ ಕೈ ಹಿಡಿದು ಎಳೆದುಕೊಂಡರು, ಕ್ಯಾಮೆರಾ ಬೆನ್ನಿಗೆ ಹಾಕಿ ಅವನೂ ಕುಣಿದ. ಆ ಅರ್ಧ ಗಂಟೆಯ ಒಂದು ಫೋಟೋ ಕೂಡ ಸರಿಯಾಗಿ ಬಂದಿಲ್ಲ ಅಂತ ಆಮೇಲೆ ದೂರು.

ಸೋಮವಾರ 'ಫೇರ್‌ವೆಲ್ ಬ್ರಂಚ್' ಹನ್ನೊಂದಕ್ಕೆ. ಹೋಟೆಲಿನ ಚೆಕ್‌ಔಟ್ ಹತ್ತಕ್ಕೆ. ನಡುವಿನ ಒಂದು ಗಂಟೆ ಅತಿಥಿಗಳು ಪೆಟ್ಟಿಗೆ ಹಿಡಿದು ಎಲ್ಲಿರಬೇಕು ಎಂಬುದು ಹದಿನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಸೊಂಟ ಹಿಡಿದುಕೊಂಡಿತ್ತು, ಎದ್ದದ್ದೇ ಒಂಬತ್ತೂವರೆಗೆ. ಹಸಿವಿಗೆ ಚೀಲದ ಅಡಿಯಲ್ಲಿದ್ದ ಕೋಲು ತಿಂಡಿಯ ರಿಬ್ಬನ್ ಬಿಚ್ಚಿ ಕಚ್ಚಿದೆ. ಜೇನು ಗಟ್ಟಿಯಾಗಿತ್ತು, ಚೆನ್ನಾಗಿತ್ತು. ಬಾಯಿ ತುಂಬ ಇದ್ದಾಗಲೇ ಹೊರಗಿನಿಂದ ಬಾಗಿಲು ಬಡಿದ ಸದ್ದು. ತೆರೆದರೆ ಹೌಸ್‌ಕೀಪಿಂಗ್ ಹೆಂಗಸು ನಿಂತಿದ್ದಳು, ಕೈಯಲ್ಲಿ ಪೊರಕೆ. ಅದರ ಹಿಡಿಯಿಂದಲೇ ಬಡಿದಿದ್ದಳು.