ಮೆಣಸಿನಕಾಯಿ ಪ್ರಾಜೆಕ್ಟಿನ ಘಾಟು

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಮ್ಮದು ನಾಲ್ಕು ಜನರ ಬ್ಯಾಚ್. ನಾನು ಹುಬ್ಬಳ್ಳಿ, ಒಬ್ಬ ಧಾರವಾಡ, ಇನ್ನೊಬ್ಬ ಹಾವೇರಿ ಕಡೆಯವನು, ಮತ್ತೊಬ್ಬಳು ಗದಗ. ಕೋಡ್ ಬರೀತಿದ್ದದ್ದು ಗದಗಿನವಳು. ಉಳಿದ ಮೂವರು ಪಿಪಿಟಿಯ ಬಣ್ಣ ಬದಲಿಸುತ್ತಿದ್ದೆವು. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಪ್ರತಿ ಬ್ಯಾಚಿನ ಸಂಸಾರವೂ ಇಷ್ಟೇ.

ಆ ವರ್ಷ ನಮ್ಮ ಕ್ಲಾಸಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಪ್ರಾಜೆಕ್ಟೇ ಐದು ಇದ್ದವು. ಮಣ್ಣು ಒಣಗಿದರೆ ಪಂಪು ಚಾಲೂ ಮಾಡುವಂಥವು ನಾಲ್ಕು. ಗೈಡ್ ತಲೆ ಕೆಟ್ಟು, "ಏನರ ಲೋಕಲ್ ಪ್ರಾಬ್ಲೆಮ್ ಹುಡುಕ್ರಿಪಾ" ಅಂದರು. ನಳಕ್ಕೆ ನೀರು ಯಾವತ್ತು ಬರುತ್ತೆ ಅಂತ ಮೊದಲೇ ಹೇಳೋ ಆಪ್ ಮಾಡ್ತೀವಿ ಅಂದೆ. ಅವರು ನನ್ನ ಮುಖ ನೋಡಿ, "ಅದು ಕಂಪ್ಯೂಟರಿಗೂ ತಿಳಿಯಂಗಿಲ್ಲ, ಬಿಡು" ಅಂದರು.

ಕೊನೆಗೆ ಹಾವೇರಿಯವನು ಮೆಣಸಿನಕಾಯಿ ತಂದ. ಅವನ ಊರು ಬ್ಯಾಡಗಿ ಹತ್ತಿರ. ಬ್ಯಾಡಗಿ ಕಾಯಿ ಗೊತ್ತಲ್ವಾ? ಸುಕ್ಕು ಜಾಸ್ತಿ, ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಆ ಸೀಮೆಯದೇ ಬೆಳೆ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. ಅದರ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಈ ಲಿಪ್‌ಸ್ಟಿಕ್ ವಿಷಯ ನಮ್ಮ ಪಿಪಿಟಿಯಲ್ಲಿ ಮೂರು ಸ್ಲೈಡ್ ತಿಂದಿತು. ಬಣ್ಣದ ಮೇಲೇ ರೇಟು ನಿಲ್ಲೋದರಿಂದ, ಕ್ಯಾಮೆರಾದಿಂದ ನೋಡಿ ಒಳ್ಳೆ ಕಾಯಿ, ಬಣ್ಣಗೆಟ್ಟ ಬಿಳಿಗಾಯಿ ಬೇರೆ ಮಾಡುವ ಯಂತ್ರ ಅಂತ ತೀರ್ಮಾನವಾಯಿತು. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಒಂದು ಕ್ಯಾಮೆರಾ, ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ಕನ್ವೇಯರ್ ಬೆಲ್ಟ್, ಕೆಟ್ಟ ಕಾಯಿಯನ್ನು ಆಚೆ ತಳ್ಳಲು ಬೆರಳುದ್ದದ ಒಂದು ಸರ್ವೋ ಮೋಟರ್.

ಯಂತ್ರಕ್ಕೆ ಕಲಿಸಬೇಕಲ್ಲ, ಫೋಟೊ ಬೇಕು. ನಾವು ಹಾವೇರಿಯವನ ಮನೆಗೆ ಹೋದೆವು. ಅವರ ಅಜ್ಜಿ ಪಡಸಾಲೆಯಲ್ಲಿ ಕೂತು ಕಾಯಿ ಆರಿಸುತ್ತಿದ್ದರು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ ಅಂತ ಅರ್ಥ. ಆಮೇಲೆ ಹೆಬ್ಬೆರಳಿಂದ ಒತ್ತಿ, ಬೆಳಕಿಗೆ ಹಿಡಿದು, ಮೂಗಿಗೆ ಒಯ್ದು ಬುಟ್ಟಿಗೆ ಹಾಕಿದರು. ಇಷ್ಟಕ್ಕೂ ಎರಡು ಸೆಕೆಂಡ್ ಹಿಡಿದಿರಲಿಕ್ಕಿಲ್ಲ. ನಮ್ಮ ಯಂತ್ರಕ್ಕೆ ಕಿವಿ ಇಲ್ಲ, ಮೂಗಿಲ್ಲ, ಬೆರಳೂ ಇಲ್ಲ. ಇದನ್ನು ಅಜ್ಜಿಗೆ ನಾವು ಹೇಳಲಿಲ್ಲ.

"ನಿಮ್ಮ ಸಾಲಿಯೊಳಗ ಇದನ್ನೂ ಕಲಸ್ತಾರ?" ಅಂದರು. "ನಾವು ಕಂಪ್ಯೂಟರಿಗೆ ಕಲಸ್ತೀವಿ ಅಜ್ಜಿ" ಅಂದೆ. "ಅದಕ್ಯಾಕ ಬೇಕಂತ?" ಅಂದರು. ನಮ್ಮ ಇಡೀ ಪ್ರಾಜೆಕ್ಟಿನಲ್ಲಿ ಅದಕ್ಕಿಂತ ಒಳ್ಳೆ ಪ್ರಶ್ನೆ ಯಾರೂ ಕೇಳಲಿಲ್ಲ.

ಅಜ್ಜಿ ಆರಿಸಿಟ್ಟ ಚಲೋ ಕಾಯಿಗಳನ್ನು ಅಲ್ಲೇ ಒಂದು ಚಾದರ ಹಾಸಿ, ಅದರ ಮೇಲಿಟ್ಟು ಫೋಟೊ ತೆಗೆದೆವು. ಹಳದಿ ಚಾದರ, ಹಸಿರು ಅಂಚು. ಮುನ್ನೂರು ಫೋಟೊ ಆಗುವಷ್ಟರಲ್ಲಿ ಕತ್ತಲಾಯಿತು. ಬಿಳಿಗಾಯಿ ಫೋಟೊ ಹುಬ್ಬಳ್ಳಿಯಲ್ಲಿ ತೆಗೆದರಾಯಿತು ಅಂತ ಒಂದು ಚೀಲದಲ್ಲಿ ನಾಲ್ಕು ಕೆಜಿ ಕಟ್ಟಿಕೊಂಡು, ಚಾದರವನ್ನೂ ಅದರ ಮೇಲೆ ಸುತ್ತಿಕೊಂಡು ಬಂದೆವು.

ಮರುದಿನ ಆ ಚೀಲವನ್ನು ಚಿಗರಿ ಬಸ್ಸಿನಲ್ಲಿ ಒಯ್ದದ್ದು ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಒಂದು. ಚಿಗರಿ ಅಂದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಎಸಿ ಬಸ್ಸು. ಬಾಗಿಲು ಮುಚ್ಚಿದರೆ ಒಳಗಿನ ಗಾಳಿ ಒಳಗೇ. ವಿದ್ಯಾನಗರದಲ್ಲಿ ಒಬ್ಬರು ಸೀನಿದರು. ಉಣಕಲ್ ಬರುವಷ್ಟರಲ್ಲಿ ನಾಲ್ಕು ಸೀಟಿನವರು ಸೀನುತ್ತಿದ್ದರು. ಒಂದು ಮಗು ಸೀನಿ, ನಕ್ಕು, ಮತ್ತೆ ಸೀನಿತು. "ಯಾರದ್ರೀ ಇದು ಚೀಲ?" ಅಂತ ಹಿಂದಿನಿಂದ ಕೂಗು ಬಂತು. ನಾನು ಕಿಟಕಿ ಕಡೆ ತಿರುಗಿ ಕೆರೆ ನೋಡುತ್ತಾ ಕೂತೆ. ಚೀಲ ನನ್ನ ಕಾಲ ನಡುವೆಯೇ ಇತ್ತು. ನವನಗರದಲ್ಲಿ ಇಳಿದುಬಿಟ್ಟೆ. ಕಾಲೇಜು ಇನ್ನೂ ಮುಂದಿತ್ತು.

ಬಿಳಿಗಾಯಿ ಫೋಟೊಗಳನ್ನು ಹಾಸ್ಟೆಲಿನ ಸಿಮೆಂಟ್ ನೆಲದ ಮೇಲೆ ತೆಗೆದೆವು. ನೀವು ಈ ವಿದ್ಯೆ ಬಲ್ಲವರಾದರೆ ಇಲ್ಲೇ ನಕ್ಕಿರುತ್ತೀರಿ. ನಾವು ನಗಲಿಲ್ಲ. ನೂರಕ್ಕೆ ಎಂಬತ್ತು ಫೋಟೊ ಕಲಿಸಲಿಕ್ಕೆ, ಇಪ್ಪತ್ತು ಪರೀಕ್ಷೆಗೆ ಅಂತ ಪಾಲು ಮಾಡಿದೆವು. ಫೋಟೊಗಳನ್ನೆಲ್ಲ 224 ಪಿಕ್ಸೆಲ್‌ಗೆ ಇಳಿಸಿ, ಮೊಬೈಲ್‌ನೆಟ್ ಅನ್ನೋ, ಫೋಟೊ ಗುರುತಿಸುವ ರೆಡಿಮೇಡ್ ಮಾಡೆಲಿಗೆ ತಿನ್ನಿಸಿದೆವು. ನಮ್ಮ ಲ್ಯಾಪ್‌ಟಾಪಿಗೆ ಆ ತಾಕತ್ತು ಇರಲಿಲ್ಲ, ಇಂಟರ್‌ನೆಟ್ಟಿನಲ್ಲಿ ಗೂಗಲ್ಲಿನ ಕಂಪ್ಯೂಟರ್ ಬಳಸಲು ಕೊಡುವ ಕೊಲ್ಯಾಬ್‌ನಲ್ಲಿ ಪುಕ್ಕಟೆ ಓಡಿಸಿದೆವು. ಸುಮ್ನೆ ಬಿಟ್ಟರೆ ಅದು ಸಂಪರ್ಕ ಕಡಿದುಕೊಳ್ಳುತ್ತೆ. ಹಾಗಾಗಿ ರಾತ್ರಿಯೆಲ್ಲ ಮೌಸ್ ಅಲ್ಲಾಡಿಸುವ ಡ್ಯೂಟಿ ಧಾರವಾಡದವನಿಗೆ. ಪ್ರಾಜೆಕ್ಟಿಗೆ ಅವನ ಕಾಣಿಕೆ ಅದೇ, ಆಮೇಲೆ ಒಂದು ಬಾಕ್ಸ್ ಪೇಡೆ.

ಬೆಳಗ್ಗೆ ಸ್ಕ್ರೀನ್ ಮೇಲೆ 98 ಪರ್ಸೆಂಟ್ ಅಂತ ಬಂತು. ಕುಣಿದೆವು. ಗಿರ್ಮಿಟ್ ತಿಂದೆವು. ಕರಿ ರಟ್ಟಿನ ಮೇಲೆ ಬಂಗಾರದ ಅಕ್ಷರದ ರಿಪೋರ್ಟ್ ಬೈಂಡ್ ಮಾಡಿಸಿದೆವು. ಅದರಲ್ಲಿ ‘ಚಿಲ್ಲಿ ಗ್ರೇಡಿಂಗ್’ ಬದಲು ನಾನೇ ‘ಚಿಲ್ಲಿಂಗ್ ಗ್ರೇಡ್’ ಅಂತ ಟೈಪ್ ಮಾಡಿ ಕೊಟ್ಟಿದ್ದೆ. ಅದನ್ನು ಇಲ್ಲಿಗೆ ಬಿಡೋಣ.

ವೈವಾ ದಿನ ಹೊರಗಿನಿಂದ ಬಂದ ಎಕ್ಸಾಮಿನರ್ ಶಾಂತ ಮನುಷ್ಯ. ಶಾಂತವಾಗಿರುವವರನ್ನೇ ನಂಬಬಾರದು. ಬೆಲ್ಟ್ ತಿರುಗಿತು. ಮೊದಲ ಕಾಯಿ ಚಲೋದು. ಯಂತ್ರ ‘ರಿಜೆಕ್ಟ್’ ಅಂತು, ಸರ್ವೋ ಫಟ್ ಅಂತ ತಳ್ಳಿತು. ಎರಡನೆಯದೂ ರಿಜೆಕ್ಟ್. ಹತ್ತೂ ಕಾಯಿ ರಿಜೆಕ್ಟ್. ಹತ್ತನೆಯದು ಹಾರಿ ಎಕ್ಸಾಮಿನರ್ ಅವರ ಚಹಾ ಕಪ್ಪಿಗೆ ಬಿತ್ತು.

ಗದಗಿನವಳು ಬೆಲ್ಟ್ ನಿಲ್ಲಿಸಿದಳು. ಯಂತ್ರವನ್ನು ಸುತ್ತಿ ತಂದಿದ್ದು ಅದೇ ಹಳದಿ ಚಾದರದಲ್ಲಿ. ಅದನ್ನು ಟೇಬಲ್ ಮೇಲೆ ಹಾಸಿ, ಒಂದು ಕಾಯಿ ಇಟ್ಟು, ಕ್ಯಾಮೆರಾ ಕೈಯಲ್ಲಿ ಹಿಡಿದಳು. ‘ಫಸ್ಟ್ ಕ್ವಾಲಿಟಿ, 97.’ ನಾನು ಚಪ್ಪಾಳೆ ತಟ್ಟಿದೆ. ಅವಳು ತಟ್ಟಲಿಲ್ಲ. ಆಗಲೇ ಅವಳಿಗೆ ಗೊತ್ತಾಗಿತ್ತು.

ಎಕ್ಸಾಮಿನರ್ ಬಿಳಿಗಾಯಿ ಇಟ್ಟರು. ಫಸ್ಟ್ ಕ್ವಾಲಿಟಿ. ತಮ್ಮ ಕನ್ನಡಕ ತೆಗೆದಿಟ್ಟರು. ಫಸ್ಟ್ ಕ್ವಾಲಿಟಿ, 99. ಕಾಯಿ, ಕನ್ನಡಕ ಎಲ್ಲ ಎತ್ತಿಟ್ಟು ಬರೀ ಚಾದರ ತೋರಿಸಿದರು. ನೂರಕ್ಕೆ ನೂರು.

"ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು ಅಂತಾರ ಖರೆ," ಅಂದರು ನಿಧಾನವಾಗಿ, "ನೀವು ಹಾಸಿಗಿ ಇದ್ದಷ್ಟ ಕಲಿಸೀರಿ."

ಗದಗಿನವಳು ಉಗುಳು ನುಂಗಿ ವಿವರಿಸಿದಳು. ಒಳ್ಳೆ ಕಾಯಿಗೆಲ್ಲ ಚಾದರ, ಕೆಟ್ಟದ್ದಕ್ಕೆಲ್ಲ ಸಿಮೆಂಟ್. ಯಂತ್ರ ಸುಲಭದ ದಾರಿ ಹಿಡಿದು ಹಿನ್ನೆಲೆ ನೋಡಿಕೊಂಡಿದೆ. ಪರೀಕ್ಷೆಗೆ ಇಟ್ಟ ಫೋಟೊಗಳಲ್ಲೂ ಅದೇ ಚಾದರ, ಅದೇ ನೆಲ, ಅದಕ್ಕೇ 98. ಎರಡೂ ಥರದ ಕಾಯಿಯನ್ನು ಒಂದೇ ಬೆಲ್ಟ್ ಮೇಲೆ, ಒಂದೇ ಬೆಳಕಲ್ಲಿ ತೆಗೆಯಬೇಕಿತ್ತು. ಅವರು ತಲೆಯಾಡಿಸಿ ಅಂಕ ಬರೆದುಕೊಂಡರು. ಆ ಉತ್ತರವೇ ನಮ್ಮನ್ನು ಪಾಸು ಮಾಡಿಸಿದ್ದು. ನಾವು ಅವಳು ಹೇಳಿದ ಉತ್ತರವನ್ನೆಲ್ಲ ಆಮೇಲೆ ರಿಪೋರ್ಟಿನ ‘ಫ್ಯೂಚರ್ ಸ್ಕೋಪ್’, ಅಂದರೆ ಮುಂದೆ ಮಾಡಬಹುದಾದ್ದು ಅನ್ನೋ ಪುಟಕ್ಕೆ ತುರುಕಿದೆವು. ಕೆಲಸ ಮಾಡದ್ದನ್ನೆಲ್ಲ ತುಂಬಲಿಕ್ಕೇ ಇರುವ ಪುಟ ಅದು.

ಮುಂದಿನ ವಾರ ಚಾದರ ವಾಪಸ್ ಕೊಡಲು ಹೋದೆವು. ಅಜ್ಜಿ ಅದೇ ಪಡಸಾಲೆಯಲ್ಲಿ, ಅದೇ ಬುಟ್ಟಿ ಮುಂದೆ ಕೂತಿದ್ದರು.

"ಏನಂತು ನಿಮ್ಮ ಮಷಿನ್?"

"ಕಾಯಿ ಸುದ್ದಿ ಎತ್ತಲಿಲ್ಲ ಅಜ್ಜಿ. ಚಾದರ ಮಾತ್ರ ಫಸ್ಟ್ ಕ್ವಾಲಿಟಿ ಅಂತು."

ಅಜ್ಜಿ ಚಾದರದ ಅಂಚನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿದರು.

"ಖರೇನ ಹೇಳೇತಿ. ಸೊಲ್ಲಾಪುರದ್ದದು."