ಮೋಸ ಹೋದವರನ್ನು ನೋಡಿ ನಗುವ ಮುಂಚೆ

ಯಾರೋ ಫೋನಿನಲ್ಲಿ ಮೋಸ ಹೋಗಿ ದುಡ್ಡು ಕಳೆದುಕೊಂಡ ಸುದ್ದಿ ಬಂದರೆ ಸಾಕು, ಅದರ ಕೆಳಗಿನ ಮಾತುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಇಷ್ಟು ಓದಿದವರಿಗೆ ಇಷ್ಟೂ ಗೊತ್ತಾಗಲ್ವಾ?" "ದುರಾಸೆ, ಇನ್ನೇನು." "ನನಗೆ ಮಾಡಿದ್ದಿದ್ರೆ ಚೆನ್ನಾಗಿ ಉಗಿದು ಇಡ್ತಿದ್ದೆ." ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೀಗೆ ಬರೆಯುವವರು ಮೋಸಗಾರರ ಅರ್ಧ ಕೆಲಸವನ್ನು ಸಂಬಳ ಇಲ್ಲದೆ ಮಾಡಿಕೊಡುತ್ತಿದ್ದಾರೆ.

ಮೊದಲು ಈ ದುರಾಸೆಯ ಮಾತನ್ನೇ ನೋಡೋಣ. ಅಮೆರಿಕದ ಬರ್ನಿ ಮೇಡಾಫ್ 2008ರ ಡಿಸೆಂಬರ್‌ನಲ್ಲಿ ಸಿಕ್ಕಿಬಿದ್ದ. ಒಂದು ಕಾಲಕ್ಕೆ ನಾಸ್ಡ್ಯಾಕ್ ಷೇರುಪೇಟೆಯ ಅಧ್ಯಕ್ಷನಾಗಿದ್ದವನು. ಹೊಸಬರು ಹಾಕಿದ ದುಡ್ಡನ್ನೇ ಹಳಬರಿಗೆ ಲಾಭ ಅಂತ ಕೊಡುತ್ತಾ ವರ್ಷಾನುಗಟ್ಟಲೆ ದೂಡಿದ. ಅವನು ತೋರಿಸುತ್ತಿದ್ದ ಕಾಗದದ ಲೆಕ್ಕದಲ್ಲಿ ಗ್ರಾಹಕರ ಹಣ ಸುಮಾರು 6,500 ಕೋಟಿ ಡಾಲರ್ ಇತ್ತು. ಆದರೆ ದುಡ್ಡು ಡಬಲ್ ಮಾಡಿಕೊಡುತ್ತೇನೆ ಅಂತ ಅವನು ಆಸೆ ಹುಟ್ಟಿಸಿರಲಿಲ್ಲ. ವರ್ಷಕ್ಕೆ ಶೇಕಡಾ 10ರ ಆಸುಪಾಸು, ಪೇಟೆ ಬಿದ್ದರೂ ಅಲುಗಾಡದ ಲಾಭ, ಅಷ್ಟೇ. ಇದಕ್ಕೆ ಮನಸೋತವರು ಜೂಜುಕೋರರಲ್ಲ, ಹುಷಾರಾಗಿರಬೇಕು ಅಂದುಕೊಂಡಿದ್ದ ಜನ. ಬ್ಯಾಂಕುಗಳಿದ್ದವು, ದತ್ತಿ ಸಂಸ್ಥೆಗಳಿದ್ದವು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಎಲೀ ವೀಸೆಲ್ ಅವರ ಪ್ರತಿಷ್ಠಾನವೂ ಇತ್ತು. ಹ್ಯಾರಿ ಮಾರ್ಕೊಪೊಲೋಸ್ ಎಂಬ ಲೆಕ್ಕ ಬಲ್ಲ ಮನುಷ್ಯ 2000ದಿಂದಲೇ ಸರ್ಕಾರದ ನಿಯಂತ್ರಣ ಸಂಸ್ಥೆಗೆ ದೂರು ಕೊಡುತ್ತಾ ಬಂದರು. ಇಂಥ ಏರಿಳಿತವಿಲ್ಲದ ಲಾಭ ಸಾಧ್ಯವೇ ಇಲ್ಲ ಅಂತ ಲೆಕ್ಕ ಹಾಕಿ ತೋರಿಸಿದರು. ಹಿಡಿಯಬೇಕಾದವರೇ ಹಿಡಿಯಲಿಲ್ಲ.

ಇನ್ನು ಬುದ್ಧಿಯ ಮಾತು. 2013ರಿಂದ 2015ರವರೆಗೆ ಲಿಥುವೇನಿಯಾದ ಒಬ್ಬ ಗೂಗಲ್ ಮತ್ತು ಫೇಸ್‌ಬುಕ್ ಕಂಪನಿಗಳಿಗೆ ನಕಲಿ ಬಿಲ್ಲುಗಳನ್ನು ಕಳಿಸಿದ. ಅವರ ಜೊತೆ ನಿಜವಾಗಿ ವ್ಯವಹಾರ ಇದ್ದ ತೈವಾನಿನ ಕಂಪನಿಯೊಂದರ ಹೆಸರನ್ನೇ ಬಳಸಿಕೊಂಡಿದ್ದ. ಎರಡೂ ಕಡೆಯಿಂದ ಸೇರಿ 10 ಕೋಟಿ ಡಾಲರ್‌ಗೂ ಜಾಸ್ತಿ ಅವನ ಖಾತೆಗಳಿಗೆ ಹೋಯಿತು. ನಾನು ಈ ಬರಹ ಹಾಕುತ್ತಿರುವ ಫೇಸ್‌ಬುಕ್ಕೇ ಮೋಸ ಹೋಗಿದೆ ಅಂದಮೇಲೆ ಇಲ್ಲಿ ಕೂತು ಇನ್ನೊಬ್ಬರ ಬುದ್ಧಿ ಅಳೆಯುವುದು ಸ್ವಲ್ಪ ತಮಾಷೆಯೇ, ಅಲ್ವಾ?

ನನ್ನನ್ನು ತುಂಬಾ ಕಾಡಿದ್ದು ಮಾತ್ರ 2024ರಲ್ಲಿ ಹೊರಬಂದ ಹಾಂಗ್‌ಕಾಂಗ್ ಪ್ರಕರಣ. ಅರಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಲೆಕ್ಕಪತ್ರ ವಿಭಾಗದ ಉದ್ಯೋಗಿಗೆ ಗುಟ್ಟಾಗಿ ಹಣ ಕಳಿಸಬೇಕು ಅಂತ ಮೇಲಧಿಕಾರಿಯ ಹೆಸರಲ್ಲಿ ಸಂದೇಶ ಬಂತು. ಆ ಉದ್ಯೋಗಿಗೆ ಅನುಮಾನ ಬಂದಿತ್ತು. ನಾವೆಲ್ಲ ಹೇಳಿಕೊಡುವ ಹಾಗೆಯೇ, ಇದು ಸುಳ್ಳಿರಬಹುದು ಅಂತ ಅಂದುಕೊಂಡಿದ್ದರು. ಆಮೇಲೆ ವಿಡಿಯೊ ಕಾಲ್‌ಗೆ ಕರೆದರು. ಅಲ್ಲಿ ಮೇಲಧಿಕಾರಿ ಇದ್ದರು, ಪರಿಚಯದ ಸಹೋದ್ಯೋಗಿಗಳೂ ಇದ್ದರು. ಅನುಮಾನ ಹೋಯಿತು. ಸುಮಾರು 2.5 ಕೋಟಿ ಡಾಲರ್ ಕೂಡ ಹೋಯಿತು. ಆ ಪರದೆಯ ಮೇಲಿದ್ದ ಬೇರೆ ಎಲ್ಲ ಮುಖಗಳೂ ಕಂಪ್ಯೂಟರ್ ಸೃಷ್ಟಿ.

ಅನುಮಾನ ಬಂದಿದ್ದರೂ ಅವರು ಸೋತಿದ್ದು ಎಲ್ಲಿ? ಮೋಸಗಾರರು ತೋರಿಸಿದ ದಾರಿಯಲ್ಲೇ ಹೋಗಿ ಪರೀಕ್ಷೆ ಮಾಡಿದರು. ಸಂದೇಶ ನಿಜವೋ ಸುಳ್ಳೋ ಅಂತ ತಿಳಿಯಲು ಅವರೇ ಕರೆದ ಕಾಲ್‌ಗೆ ಹೋದರು. ದಿನವೂ ನಡೆಯುವುದು ಇದೇ. "ಅನುಮಾನ ಇದ್ದರೆ ಈ ನಂಬರಿಗೆ ಫೋನ್ ಮಾಡಿ ವಿಚಾರಿಸಿ" ಅಂತ ಕಳ್ಳನೇ ನಂಬರ್ ಕೊಡುತ್ತಾನೆ. ನಾವೂ ಜಾಣರ ಹಾಗೆ ವಿಚಾರಿಸುತ್ತೇವೆ.

ಹಾಗಾಗಿ ನಾನು ಪಾಲಿಸುವ ನಿಯಮ ಒಂದೇ. ಬ್ಯಾಂಕಿನವರು ಅಂತಲೋ ಇನ್ಯಾರೋ ಅಂತಲೋ ಹೇಳಿಕೊಂಡು ಅವರಾಗಿಯೇ ಫೋನ್ ಮಾಡಿದ್ದರೆ ಕಟ್ ಮಾಡಬೇಕು. ಆಮೇಲೆ ಬೇಕಿದ್ದರೆ ನಾನೇ ಹುಡುಕಿದ ನಂಬರಿಗೆ ನಾನು ಫೋನ್ ಮಾಡಬೇಕು. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರ್ ಆಗಬಹುದು, ಮೊದಲಿಂದ ಬಳಸುತ್ತಿರುವ ಆ್ಯಪ್‌ನ ಒಳಗಿರುವ ನಂಬರ್ ಆಗಬಹುದು. ಇಂಟರ್ನೆಟ್‌ನಲ್ಲಿ ಹುಡುಕಿದ ತಕ್ಷಣ ಮೇಲುಗಡೆ ಕಾಣುವ ಕಸ್ಟಮರ್ ಕೇರ್ ನಂಬರ್ ಬೇಡ. ಅಲ್ಲಿ ದುಡ್ಡು ಕೊಟ್ಟು ನಕಲಿ ನಂಬರ್ ಹಾಕಿಸುವವರಿದ್ದಾರೆ. ಫೋನಿನ ಮೇಲೆ ಬ್ಯಾಂಕಿನ ಹೆಸರೇ ಬಂತು ಅಂತಲೂ ನಂಬುವ ಹಾಗಿಲ್ಲ, ಕರೆ ಮಾಡಿದವರ ನಂಬರನ್ನು ಸುಳ್ಳಾಗಿ ತೋರಿಸುವುದು ಕಷ್ಟವೇನಲ್ಲ. ವೆಬ್ ವಿಳಾಸದ ಪಕ್ಕದ ಬೀಗದ ಚಿತ್ರ ನೋಡಿ ನೆಮ್ಮದಿಯಾಗುವವರೂ ಬಹಳ ಜನ. ನೀವು ಟೈಪ್ ಮಾಡಿದ್ದು ದಾರಿಯಲ್ಲಿ ಬೇರೆಯವರಿಗೆ ಕಾಣುವುದಿಲ್ಲ ಅಂತ ಮಾತ್ರ ಆ ಬೀಗ ಹೇಳುತ್ತದೆ. ಆ ಕಡೆ ಕೂತಿರುವವನು ಕಳ್ಳನೋ ಅಲ್ಲವೋ ಅಂತ ಅದಕ್ಕೆ ಗೊತ್ತಿಲ್ಲ.

"ಫೋನ್ ಇಡಬೇಡಿ" ಅಂದರೆ ಅಲ್ಲೇ ಇಡಿ. "ಮನೆಯವರಿಗೂ ಹೇಳಬೇಡಿ" ಅಂದರೆ ಮನೆಯವರನ್ನೇ ಕೂಗಿ. ಫೋನಿನ ಮೋಸಗಳಲ್ಲಿ ಈ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಯಾಕೆಂದರೆ ಪಕ್ಕದಲ್ಲಿ ಒಬ್ಬರು ಕೂತು "ಏನದು?" ಅಂತ ಕೇಳಿದರೆ ಅರ್ಧ ಕಥೆ ಅಲ್ಲೇ ಮುಗಿಯುತ್ತದೆ. ಒಟಿಪಿ, ಪಾಸ್‌ವರ್ಡ್ ಯಾರಿಗೂ ಹೇಳಬಾರದು ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ "ಸಹಾಯ ಮಾಡ್ತೀನಿ, ಈ ಆ್ಯಪ್ ಹಾಕ್ಕೊಳ್ಳಿ" ಅಂತ ನಿಮ್ಮ ಪರದೆಯನ್ನೇ ನೋಡುವವನಿಗೆ ನೀವು ಹೇಳುವ ಅಗತ್ಯವೂ ಇಲ್ಲ, ಅವನೇ ಓದಿಕೊಳ್ಳುತ್ತಾನೆ.

"ನಾನು ಅಂಥ ಮೇಲ್ ನೋಡಿದ ತಕ್ಷಣ ಗುರುತಿಸ್ತೀನಿ" ಅನ್ನುವವರಿಗೆ ಒಂದು ವಿಷಯ. ರಾಜಕುಮಾರನ ಆಸ್ತಿ, ಕೋಟಿ ಡಾಲರ್ ಅಂತ ಬರುವ ಪೆದ್ದು ಪತ್ರಗಳು ಯಾಕೆ ಅಷ್ಟು ಪೆದ್ದಾಗಿರುತ್ತವೆ? ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲಿ ಇದಕ್ಕೆ ಒಂದು ಒಳ್ಳೆಯ ವಿವರಣೆ ಕೊಟ್ಟರು. ಪತ್ರ ಕಳಿಸಲು ಖರ್ಚಿಲ್ಲ. ಉತ್ತರ ಬರೆದವರ ಜೊತೆ ವಾರಗಟ್ಟಲೆ ಮಾತಾಡುವುದೇ ದೊಡ್ಡ ಕೆಲಸ. ಅದಕ್ಕೇ ಅನುಮಾನದವರು ಮೊದಲ ಸಾಲಿನಲ್ಲೇ ನಕ್ಕು ಹೋಗಲಿ, ಕೊನೆವರೆಗೆ ಬರುವವರು ಮಾತ್ರ ಉಳಿಯಲಿ ಅಂತ ಲೆಕ್ಕಾಚಾರ. ಅಂದರೆ ನೀವು ನೋಡಿ ನಕ್ಕ ಪತ್ರ ನಿಮಗೆ ಬರೆದದ್ದೇ ಆಗಿರಲಿಲ್ಲ. ನಿಮಗೆ ಬರೆದದ್ದು ನೀವು ಪಾರ್ಸೆಲ್‌ಗೆ ಕಾಯುತ್ತಿರುವ ದಿನ, ಮಗುವಿಗೆ ಹುಷಾರಿಲ್ಲದ ರಾತ್ರಿ, ಕೆಲಸ ಹುಡುಕುತ್ತಿರುವ ತಿಂಗಳು ಬರುತ್ತದೆ.

ಈಗ ನಗುವವರ ವಿಷಯ. ದುಡ್ಡು ಹೋದ ಮೊದಲ ಒಂದೆರಡು ಗಂಟೆ ಬಹಳ ಮುಖ್ಯ. ಹಣ ಒಂದು ಖಾತೆಯಲ್ಲಿ ಕೂತಿರುವುದಿಲ್ಲ, ಬಾಡಿಗೆಗೆ ಹಿಡಿದ ಯಾರ್ಯಾರದೋ ಖಾತೆಗಳಿಗೆ ಬೇಗ ಬೇಗ ಹಂಚಿಹೋಗುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಬ್ಯಾಂಕಿಗೆ ಫೋನ್. ಆದರೆ ಮೋಸ ಹೋದವರು ಆ ಹೊತ್ತಲ್ಲಿ ಏನು ಮಾಡುತ್ತಾರೆ? ಯಾರಿಗೂ ಗೊತ್ತಾಗದ ಹಾಗೆ ತಾವೇ ಸರಿಮಾಡಲು ನೋಡುತ್ತಾರೆ. ಗಂಡನಿಗೆ ಗೊತ್ತಾದರೆ, ಮಕ್ಕಳಿಗೆ ಗೊತ್ತಾದರೆ ಅನ್ನುವ ಭಯ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಬೇರೆಯವರು ಮೋಸ ಹೋದಾಗ ಮನೆಯವರು ಆಡಿದ ಮಾತು ಕೇಳಿಸಿಕೊಂಡು ಹುಟ್ಟಿದ್ದು.

ಕಳ್ಳರಿಗೂ ಇದು ಚೆನ್ನಾಗಿ ಗೊತ್ತು. ಒಮ್ಮೆ ಮೋಸ ಹೋದವರ ಹೆಸರು, ನಂಬರ್ ಇರುವ ಪಟ್ಟಿಗಳನ್ನು ಅವರು ಒಬ್ಬರಿಗೊಬ್ಬರು ಮಾರಿಕೊಳ್ಳುತ್ತಾರೆ. ಕೆಲವು ದಿನ ಬಿಟ್ಟು ವಕೀಲನೋ ಅಧಿಕಾರಿಯೋ ಆಗಿ ಮತ್ತೆ ಫೋನ್ ಬರುತ್ತದೆ. "ನಿಮ್ಮ ಹಣ ಸಿಕ್ಕಿದೆ, ವಾಪಸ್ ಕೊಡಿಸ್ತೀವಿ, ಸ್ವಲ್ಪ ಶುಲ್ಕ ಕಟ್ಟಿ." ಮನೆಯಲ್ಲಿ ಹೇಳದವರಿಗೆ ಇದು ದೇವರೇ ಕಳಿಸಿದ ಕರೆ ಅನ್ನಿಸುತ್ತದೆ, ಗುಟ್ಟಾಗಿಯೇ ಎಲ್ಲ ಸರಿಹೋಗುತ್ತದಲ್ಲ. ಹೀಗೆ ಎರಡನೇ ಸಲವೂ ಹೋಗುತ್ತದೆ. ಕಳೆದ ಹಣ ವಾಪಸ್ ಕೊಡಿಸಲು ಮುಂಗಡ ಕೇಳುವವರೆಲ್ಲ ಕಳ್ಳರು ಅಂತಲೇ ತಿಳಿಯಿರಿ.

ಇವತ್ತೇ ಮನೆಯವರಿಗೆಲ್ಲ ಒಂದು ಮಾತು ಹೇಳಿಬಿಡಿ. "ಇಂಥದ್ದೇನಾದ್ರೂ ಆದರೆ ಮೊದಲು ನನಗೆ ಹೇಳಿ, ನಾನು ಬೈಯಲ್ಲ." ಮತ್ತೆ ಆದಾಗ ನಿಜವಾಗಿಯೂ ಬೈಯಬೇಡಿ. ಸಂದೇಶಗಳನ್ನು ಅಳಿಸಿಹಾಕದೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಬ್ಯಾಂಕಿಗೆ ಹೇಳಿ, ಪೊಲೀಸರಿಗೆ ದೂರು ಕೊಡಿ. ಯಾಕೆ ಕೊಟ್ಟೆ, ಹೇಗೆ ನಂಬಿದೆ ಅನ್ನುವ ವಿಚಾರಣೆ ಮಾರನೇ ದಿನ ಇಟ್ಟುಕೊಂಡರಾಯಿತು.